ಏಳಲೊಲ್ಲದ ಗಣಕಯಂತ್ರ

ಕಾಸರಗೋಡಿನ ನಮ್ಮ ಕನ್ನಡ ಶಾಲೆಯಲ್ಲಿ ಮರುದಿನ ಪರೀಕ್ಷೆ, ಪ್ರಶ್ನೆಪತ್ರಿಕೆಗಳೆಲ್ಲ ಗಣಕಯಂತ್ರದೊಳಗೆ. ವೇಗ ಹೆಚ್ಚಲೆಂದು ಹೊಸದೊಂದು ರ‍್ಯಾಮ್ ಪಟ್ಟಿಯನ್ನು ಜೋಡಿಸಿದ್ದೆವು. ಗುಂಡಿ ಒತ್ತಿದರೆ ಫ್ಯಾನು ತಿರುಗಿತೇ ಹೊರತು ಪರದೆ ಬೆಳಗಲಿಲ್ಲ.

“ಎಲ್ಲವೂ ಹೋಯಿತೇ, ಮಾಸ್ಟ್ರೇ?” ಎಂದು ಕಿರಿಯ ಅಧ್ಯಾಪಿಕೆ ಕಂಗೆಟ್ಟರು.

ಹೋಗಿರಲಿಲ್ಲ. ಉಳಿಸಿಟ್ಟ ಬರಹವಿರುವುದು ಡಿಸ್ಕಿನಲ್ಲಿ. ರ‍್ಯಾಮ್ ಎಂಬುದು ವಿದ್ಯುತ್ ನಿಂತೊಡನೆ ಅಳಿಯುವ ಕರಿಹಲಗೆಯಷ್ಟೆ.

ಲೆಕ್ಕ ತಪ್ಪಿದರೆ ಕೊನೆಯ ಹಂತವನ್ನು ಮೊದಲು ನೋಡಬೇಕೆಂದು ಮಕ್ಕಳಿಗೆ ಕಲಿಸುವವರು ನಾವು. ಪ್ಲಗ್ಗು ಕಳಚಿ, ಹೊಸ ಪಟ್ಟಿಯನ್ನು ತೆಗೆದು ನೋಡಿದೆವು, ಯಂತ್ರ ಎದ್ದಿತು. ಮತ್ತೆ ಪ್ಲಗ್ಗು ಕಳಚಿ, ಅದೇ ಪಟ್ಟಿಯನ್ನು ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದೆವು, ಆಗಲೂ ಎದ್ದಿತು. ಅರೆಬರೆ ಕೂತದ್ದೇ ದೋಷ!

ಕೊಳ್ಳುವಾಗ ಮಾದರಿಯನ್ನೂ ಗಮನಿಸಿರಿ. ಡಿಡಿಆರ್ 3ಕ್ಕೆ 1.5 ವೋಲ್ಟ್, ಡಿಡಿಆರ್ 4ಕ್ಕೆ 1.2, ಕಚ್ಚಿನ ಸ್ಥಾನವೂ ಬೇರೆ. ಬಲವಂತ ಸಲ್ಲದು.

ಕೊನೆಗೆ ಬದಲಿಸಿದ್ದನ್ನೇ ಮೊದಲು ಸಂಶಯಿಸಿರಿ, ಭಯ ಆಮೇಲಿರಲಿ.