ಅಂಗೈಯಲ್ಲಿ ಅಶ್ವಶಕ್ತಿ!

ಒಂದು ಭಾನುವಾರ ಹಳೆಯ ವಿದ್ಯಾರ್ಥಿಯೊಬ್ಬ ಬಸವನಗುಡಿಯ ನಮ್ಮ ಮನೆಗೆ ಬಂದ. ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಚೀಲದಿಂದ ಅಂಗೈಯಗಲದ ಒಂದು ಪೆಟ್ಟಿಗೆ ತೆಗೆದು, "ಸಾರ್, ಇದನ್ನು ಅಪ್ಪನ ಕಾರಿಗೆ ಸಿಕ್ಕಿಸಿದರೆ ಹಾರ್ಸ್‌ಪವರ್ ಜಾಸ್ತಿಯಾಗುತ್ತಂತೆ. ನಿಜವಾ?" ಎಂದ.

"ಅಪ್ಪನಿಗೆ ಗೊತ್ತೇನಪ್ಪಾ?" ಎಂದೆ. ತಲೆ ಕೆರೆದುಕೊಂಡ.

ಹಿಂದೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಮೆಕ್ಯಾನಿಕ್‌ಗಳು ಕಾರ್ಬುರೇಟರಿನ ತಿರುಪು ತಿರುಗಿಸಿ, ಎಂಜಿನ್ನಿನ ಸದ್ದು ಕೇಳಿಯೇ ಪೆಟ್ರೋಲು-ಗಾಳಿಯ ಹದ ಹಿಡಿಯುತ್ತಿದ್ದರು. ಈಗ ಆ ಕೆಲಸ ಎಂಜಿನ್ನಿನ ಕಂಪ್ಯೂಟರಿನದು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಶೇಕಡಾ 10ರಷ್ಟು ಕಡಿಮೆ. ಇದನ್ನೆಲ್ಲ ಸಂವೇದಕಗಳಿಂದ ಅರಿತ ಕಂಪ್ಯೂಟರ್ ತನ್ನ ಕೋಷ್ಟಕವನ್ನು ನೋಡುತ್ತದೆ. ಅದೊಂದು ಮಗ್ಗಿ ಪುಸ್ತಕವೆನ್ನಿ: ಇಷ್ಟು ವೇಗ, ಇಷ್ಟು ಹೊರೆ ಇದ್ದರೆ ಇಷ್ಟು ಪೆಟ್ರೋಲು, ಈ ಕ್ಷಣಕ್ಕೆ ಕಿಡಿ.

ಟ್ಯೂನರ್ ಈ ಮಗ್ಗಿಯನ್ನೇ ತಿದ್ದುತ್ತದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಹಳೆಯ ಅಂಕಿಗಳು ಹೋಗಿ ಹೊಸವು ಕೂರುತ್ತವೆ. ಕಿಡಿ ತುಸು ಮೊದಲೇ ಹಾರುತ್ತದೆ. ಟರ್ಬೊ ಇದ್ದರೆ ಹೆಚ್ಚು ಗಾಳಿ ಒಳನುಗ್ಗುತ್ತದೆ. ಶಕ್ತಿ ಹೆಚ್ಚುವುದು ನಿಜ. ಟರ್ಬೊ ಇಲ್ಲದ ಕಾರಿನಲ್ಲಿ ಮಾತ್ರ ಲಾಭ ಅತ್ಯಲ್ಪ.

ಹಾಗಾದರೆ ಕಾರು ತಯಾರಿಸಿದವರಿಗೆ ಇದು ತಿಳಿದಿರಲಿಲ್ಲವೇ? ತಿಳಿದಿತ್ತು. ಏಪ್ರಿಲ್ ಬಿಸಿಲು, ಕಳಪೆ ಪೆಟ್ರೋಲು, ಐದು ಜನರನ್ನು ಹೊತ್ತು ನಂದಿಬೆಟ್ಟ ಹತ್ತುವ ಕಷ್ಟ, ಇವಕ್ಕೆಂದು ಸ್ವಲ್ಪ ಉಳಿಸಿಟ್ಟಿರುತ್ತಾರೆ. ಅಮ್ಮ ಸಾಸಿವೆ ಡಬ್ಬಿಯಲ್ಲಿ ಆಪತ್ತಿಗೆಂದು ಇಟ್ಟ ದುಡ್ಡಿನ ಹಾಗೆ. ಟ್ಯೂನರ್ ಕೈ ಹಾಕುವುದು ಆ ಡಬ್ಬಿಗೇ. ಅದು ಬರಿದಾದರೆ, ಜ್ವಾಲೆ ತಲಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಪಿಸ್ಟನ್ ಪೆಟ್ಟು ತಿನ್ನುತ್ತದೆ. ವಾರಂಟಿ ಕೇಳಲು ಹೋದರೆ ಕಂಪನಿ ಕೈಯಾಡಿಸಬಹುದು.

ಆ ಅಂಕಿಗಳಿಗೂ ನಮ್ಮ ಉಸಿರಿಗೂ ಸಂಬಂಧವಿದೆ. ಪರೀಕ್ಷೆಯ ಹೊತ್ತಿನಲ್ಲಷ್ಟೇ ಹೊಗೆ ತಗ್ಗಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಅಳವಡಿಸಿದ್ದು 2015ರಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಅದಿತ್ತು. ನಮ್ಮಲ್ಲೂ ವಾಯುಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, 10,000 ರೂಪಾಯಿವರೆಗೆ ದಂಡ ಬೀಳಬಹುದು.

ಹುಡುಗನ ಮುಖ ಸಣ್ಣದಾಯಿತು. "ಬೇಜಾರು ಮಾಡ್ಕೋಬೇಡ. ಇದರಲ್ಲಿ ಓದುವ ಸೌಲಭ್ಯವೂ ಇದೆಯಲ್ಲ. ಮುಂದಿನ ವಾರ ಅಪ್ಪನನ್ನೂ ಕರೆದುಕೊಂಡು ಬಾ" ಎಂದೆ.

ಬಂದರು. ಮೂವರೂ ಕಾರಿನಲ್ಲಿ ಕುಳಿತೆವು. ಎಂಜಿನ್ ನೀರಿನ ಉಷ್ಣತೆ ನಿಧಾನವಾಗಿ ಏರಿ 90 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು. "ಇಲ್ಲೇ ಏಕೆ ನಿಂತಿತು?" ಎಂದು ಕೇಳಿದವರು ಅಪ್ಪ, ಥರ್ಮೋಸ್ಟಾಟ್ ಬಗ್ಗೆ ವಿವರಿಸಿದವನು ಮಗ.

ತಂದೆತಾಯಂದಿರೇ, ಮಕ್ಕಳು ಇಂಥ ಪೆಟ್ಟಿಗೆ ತಂದರೆ ಗದರಬೇಡಿ, ಜೊತೆಗೆ ಕುಳಿತುಕೊಳ್ಳಿ. ಮಕ್ಕಳೇ, ಮಗ್ಗಿಯನ್ನು ತಿದ್ದುವ ಮೊದಲು ಅದನ್ನು ಓದಲು ಕಲಿಯಿರಿ.