ಬಾಣಂತಿಯ ಮನಸ್ಸಿಗೊಂದು ವಾರ್ಡು

ಜನರ ಬಾಯಲ್ಲಿ ನಿಮ್ಹಾನ್ಸ್ ಎಂದೇ ಉಳಿದಿರುವ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ 2009ರ ಜುಲೈನಲ್ಲಿ ಆರಂಭವಾದ ತಾಯಿ-ಮಗು ಘಟಕವು, ತೀವ್ರ ಮನೋರೋಗಕ್ಕೆ ತುತ್ತಾದ ಬಾಣಂತಿಯನ್ನು ಅವಳ ಹಸುಗೂಸಿನೊಂದಿಗೇ ಒಳರೋಗಿಯಾಗಿ ಸೇರಿಸಿಕೊಳ್ಳುವ, ಭಾರತದಲ್ಲಿ ಈ ಬಗೆಯ ಮೊದಲ ವಾರ್ಡು. ಅದನ್ನು ಕಟ್ಟಿ ನಿಲ್ಲಿಸಿದ ತಂಡದ ಮುಂಚೂಣಿಯಲ್ಲಿದ್ದವರು ಸಂಸ್ಥೆಯ ಮನೋವೈದ್ಯಶಾಸ್ತ್ರ ಪ್ರಾಧ್ಯಾಪಕಿ ಡಾ. ಪ್ರಭಾ ಎಸ್. ಚಂದ್ರ; ಮಹಿಳೆಯರ ಮಾನಸಿಕ ಆರೋಗ್ಯದ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷೆಯೂ ಆಗಿದ್ದ ಅವರ ಬೋಧನೆ, ಸಂಶೋಧನೆ, ಚಿಕಿತ್ಸೆಗಳೆಲ್ಲ ಬಂದು ಸೇರಿದ್ದು ಈ ವಾರ್ಡಿನಲ್ಲಿ ಎನ್ನಬಹುದು.

ಇದಕ್ಕೆ ಹಿಂದಿನ ವರ್ಷಗಳಲ್ಲಿ ಅವರು ಎಚ್‌ಐವಿ ಸೋಂಕಿನ ಮಾನಸಿಕ ಮುಖಗಳನ್ನೂ, ತೀವ್ರ ಮನೋರೋಗವುಳ್ಳ ಹೆಂಗಸರು ಅನುಭವಿಸುವ ಲೈಂಗಿಕ ಬಲಾತ್ಕಾರವನ್ನೂ ಕುರಿತು ಸಹೋದ್ಯೋಗಿಗಳೊಂದಿಗೆ ಅಧ್ಯಯನ ನಡೆಸಿದ್ದರು. 2003ರಲ್ಲಿ ಪ್ರಕಟವಾದ ಆ ಬರಹಗಳು ತೋರಿಸಿದಂತೆ, ಬಲಾತ್ಕಾರ ಎಸಗಿದವರಲ್ಲಿ ಗಂಡಂದಿರೂ ಇದ್ದರು, ನೊಂದವರಲ್ಲಿ ಅನೇಕರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ರೋಗಿಯ ಮಾತನ್ನು ಭ್ರಮೆಯೆಂದು ತಳ್ಳಿಹಾಕುವುದು ಎಷ್ಟು ಸುಲಭವೆಂದು ಬಲ್ಲವರಿಗೆ, ಕೇಳಿದರೆ ಮಾತ್ರ ಹೊರಬರುವ ಇಂಥ ಸಂಗತಿಗಳನ್ನು ಕೇಳುವ ಕ್ರಮವನ್ನೇ ರೂಢಿಸುವುದು ಸಣ್ಣ ಕೆಲಸವೆನಿಸದು.

ಗರ್ಭ ನಿಂತಾಗಿನಿಂದ ಹೆರಿಗೆಯ ನಂತರ ಸುಮಾರು ಒಂದು ವರ್ಷದವರೆಗಿನ ಮನೋವ್ಯಾಧಿಗಳನ್ನು ನೋಡುವ ಶಾಖೆಗೆ ಪ್ರಸವಕಾಲೀನ ಮನೋವೈದ್ಯಶಾಸ್ತ್ರ ಎಂದು ಹೆಸರು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬಂದು ಎರಡು ವಾರದೊಳಗೆ ತಾನಾಗಿಯೇ ತಿಳಿಯಾಗುವ ಸ್ಥಿತಿಯೇ ಬೇರೆ, ವಾರಗಟ್ಟಲೆ ಉಳಿದು ಹಸಿವು, ನಿದ್ದೆ, ಮಗುವಿನ ಮೇಲಿನ ಆಸೆಯನ್ನೂ ಕಸಿಯುವ ಖಿನ್ನತೆಯೇ ಬೇರೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಇಂಥ ಖಿನ್ನತೆಯ ಪ್ರಮಾಣವನ್ನು ಶೇ. 22 ಎಂದು ಅಂದಾಜಿಸಿತು. ಮೂರನೆಯದು, ಹಳೆಯ ತಲೆಮಾರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ, ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ಚಿತ್ತವಿಕಲತೆ. ಇದು ದಿನಗಳಲ್ಲೇ ಉಲ್ಬಣಿಸಿ ತಾಯಿಗೂ ಮಗುವಿಗೂ ಅಪಾಯ ತರಬಲ್ಲದು, ಆದರೆ ಗಾಳಿ ಸೋಂಕೆಂದು ಅಂತ್ರ ಕಟ್ಟಿಸುತ್ತ ಕೂರದೆ ಬೇಗನೆ ಚಿಕಿತ್ಸೆ ಕೊಡಿಸಿದರೆ ಚೆನ್ನಾಗಿ ಗುಣವಾಗುತ್ತದೆ.

ತಾಯಿ ಮಗುವನ್ನು ಒಟ್ಟಿಗೆ ಸೇರಿಸಿಕೊಳ್ಳುವ ಪ್ರಯೋಗ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ 1948ರಲ್ಲೇ ನಡೆದಿತ್ತು. ಪಶ್ಚಿಮದ ಘಟಕಗಳಿಗೆ ಬೇಕಾಗುವ ವಿಶೇಷ ತರಬೇತಿಯ ಸಿಬ್ಬಂದಿ ಮತ್ತು ವೆಚ್ಚ ಇಲ್ಲಿ ಕೈಗೆಟಕುವಂಥದಾಗಿರಲಿಲ್ಲವಾದ್ದರಿಂದ, ಐದು ಹಾಸಿಗೆಗಳ ಬೆಂಗಳೂರಿನ ವಾರ್ಡು ಮನೆಯ ಹೆಂಗಸೊಬ್ಬಳನ್ನು, ಹೆಚ್ಚಾಗಿ ಬಾಣಂತಿಯ ತಾಯಿಯನ್ನು, ಜೊತೆಯಲ್ಲಿರಿಸಿಕೊಳ್ಳುವ ದಾರಿ ಹಿಡಿಯಿತು. ಬಾಣಂತನವೆಂಬ ಹಳೆಯ ವ್ಯವಸ್ಥೆಯೇ ಇಲ್ಲಿ ಆಸ್ಪತ್ರೆಯೊಳಗೆ ಕಾಲಿಟ್ಟಿತೆನ್ನಬೇಕು. ಅಜ್ಜಿ ಮಗುವನ್ನು ಮೀಯಿಸಿ ಮಲಗಿಸುತ್ತಿರುವಾಗ, ಔಷಧಿ ಮತ್ತು ಆಪ್ತಸಮಾಲೋಚನೆಯಿಂದ ಚೇತರಿಸಿಕೊಳ್ಳುವ ತಾಯಿ ಹಂತಹಂತವಾಗಿ ಆ ಕೆಲಸಗಳನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. 2013ರ ಸೆಪ್ಟೆಂಬರ್‌ವರೆಗೆ ದಾಖಲಾದ 237 ತಾಯಿ-ಮಗು ಜೋಡಿಗಳ ಪೈಕಿ 98 ತಾಯಂದಿರಲ್ಲಿ ಮಗುವಿನೊಂದಿಗಿನ ಬಾಂಧವ್ಯಕ್ಕೆ ತೊಡಕಿತ್ತು, 87 ಮಂದಿಯಲ್ಲಿ ಎದೆಹಾಲೂಡಿಕೆ ಪೂರ್ತಿ ನಿಂತುಹೋಗಿತ್ತು. ಆ 87ರಲ್ಲಿ 75 ಮಂದಿ ಮತ್ತೆ ಹಾಲೂಡಿಸತೊಡಗಿದರು. ಬಹುಪಾಲು ಜೋಡಿಗಳು ನಾಲ್ಕು ವಾರ ತುಂಬುವುದರೊಳಗೆ ಮನೆಗೆ ಮರಳಿದವು. ಆದರೆ 42 ಮಂದಿ ಮನೆಯಲ್ಲಿ ನಡೆಯುತ್ತಿದ್ದ ಹಿಂಸೆಯನ್ನೂ ಹೇಳಿಕೊಂಡಿದ್ದರೆಂಬುದನ್ನು ಗಮನಿಸಿದರೆ, ಮರಳಿದ ಮನೆಗಳೆಲ್ಲ ಒಂದೇ ತೆರನಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಮನೋರೋಗಿ ತಾಯಿಯಿಂದ ಮಗುವನ್ನು ದೂರವಿಡುವುದೇ ಕ್ಷೇಮವೆಂಬ ಹಳೆಯ ತಿಳಿವಳಿಕೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದೂ, ಅಪಾಯದ ಕಾರಣಕ್ಕೆ ಬೇರ್ಪಡಿಸಿದರೆ ಆ ತೀರ್ಮಾನವನ್ನು 15 ದಿನಗಳಿಗೊಮ್ಮೆ ಪುನರ್‌ಪರಿಶೀಲಿಸಬೇಕೆಂದೂ ಅದು ವಿಧಿಸುತ್ತದೆ.

ಮೈಸೂರಿನ ಶ್ರೀರಾಂಪುರದಂಥ ಬಡಾವಣೆಯಲ್ಲಿ ತವರಿಗೆ ಬಂದು ಬಾಣಂತನ ಮಾಡಿಸಿಕೊಳ್ಳುವ ಹೆಣ್ಣುಮಗಳಿಗೆ ಆ ವಾರ್ಡು ಸುಮಾರು 150 ಕಿಲೋಮೀಟರ್ ದೂರ. ಆದುದರಿಂದ ಅವಳ ಪಾಲಿಗೆ ಮೊದಲ ಪ್ರಶ್ನೆ ಹಾಸಿಗೆಯದಲ್ಲ, ಗುರುತಿಸುವಿಕೆಯದು. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಹೆಸರಿನಲ್ಲಿ ಬಂದ ಅಳತೆಗೋಲು, ಕಳೆದ ಏಳು ದಿನಗಳಲ್ಲಿ ಮನಸ್ಸು ಹೇಗಿತ್ತೆಂಬ ಹತ್ತೇ ಪ್ರಶ್ನೆಗಳಿಂದ ಖಿನ್ನತೆಯ ಸುಳಿವು ಹಿಡಿಯುತ್ತದೆ, ಅದರ ಕನ್ನಡ ರೂಪವೂ ಕರ್ನಾಟಕದಲ್ಲಿ ಪರೀಕ್ಷೆಗೊಳಪಟ್ಟಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಆರು ಬಾರಿ ಮನೆಗೆ ಬರುವ ಏರ್ಪಾಡಿದೆ. ಕೂಸಿನ ತೂಕ, ಮೈಬಿಸಿ, ಹೊಕ್ಕುಳನ್ನು ನೋಡುವ ಆ ಭೇಟಿಗಳಲ್ಲೇ ಈ ಹತ್ತು ಪ್ರಶ್ನೆಗಳಿಗೂ ಜಾಗ ಹುಡುಕಬಹುದು. ನಿಮ್ಹಾನ್ಸ್‌ನ ನೇತೃತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಹಗಲಾದರೂ ರಾತ್ರಿಯಾದರೂ.