ಕಡಲೊಳಗಿನ ನೆರೆಮನೆ

ಮಂಗಳೂರಿನ ಕುದ್ರೋಳಿಯಲ್ಲಿ ಬಾಳಿದವರಿಗೆ ಕಡಲು ದೂರದ ವಸ್ತುವಲ್ಲ. ಪಡುಗಾಳಿ ಬೀಸಿತೆಂದರೆ ಉಪ್ಪಿನ ಮತ್ತು ಮೀನಿನ ವಾಸನೆ ಮನೆಯಂಗಳಕ್ಕೇ ಬರುತ್ತದೆ. ಅಲ್ಲಿಂದ ಹಳೆ ಬಂದರಿಗೆ ನಡೆದೇ ಹೋಗಬಹುದು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಆ ಬಂದರಿನ ದಕ್ಕೆಯಲ್ಲಿ ನಿಂತರೆ ಒಂದು ನೋಟ ಕಣ್ಣಿಗೆ ಬೀಳುವುದು. ಮಂಜಿ ಎಂದು ಕರೆಯುವ ಸರಕಿನ ನಾವೆಗಳಿಗೆ ದಿನಸಿಯ ಮೂಟೆ, ತರಕಾರಿಯ ಬುಟ್ಟಿ, ಸಿಮೆಂಟು, ಜಲ್ಲಿ ಇವೆಲ್ಲವನ್ನೂ ಹೇರುತ್ತಿರುತ್ತಾರೆ. ಇವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ, “ದ್ವೀಪಕ್ಕೆ” ಎಂಬ ಒಂದೇ ಮಾತಿನ ಉತ್ತರ ದೊರೆಯುತ್ತದೆ. ಆ ದ್ವೀಪವೇ ಲಕ್ಷದ್ವೀಪ.

ಲಕ್ಷದ್ವೀಪಕ್ಕೂ ಮಂಗಳೂರಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಆ ದ್ವೀಪಸಮೂಹದ ಉತ್ತರ ಭಾಗದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ದ್ವೀಪಗಳಿಗೆ ಅಮಿನ್‌ದೀವಿ ದ್ವೀಪಗಳೆಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇವು ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದವು. 1799ರಲ್ಲಿ ಅವನ ಪತನವಾದ ಬಳಿಕ ಬ್ರಿಟಿಷರ ವಶವಾಗಿ, ಕೆನರಾ ಜಿಲ್ಲೆಗೂ ಮುಂದೆ ದಕ್ಷಿಣ ಕೆನರಾ ಜಿಲ್ಲೆಗೂ ಸೇರಿದವು. ದ್ವೀಪದ ಮರಳುನೆಲದಲ್ಲಿ ತೆಂಗಲ್ಲದೆ ಭತ್ತ ಬೆಳೆಯದು. ಆದುದರಿಂದ ಅಲ್ಲಿಯವರು ತಾವು ಹೊಸೆದ ತೆಂಗಿನ ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ಹಾಯಿದೋಣಿಗಳಲ್ಲಿ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಹಿಂದಿರುಗುವಾಗ ಅಕ್ಕಿಯನ್ನು ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಗಳೂರು ಮೈಸೂರು ರಾಜ್ಯವನ್ನು ಸೇರಿತು. ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ಹೀಗೆ ಒಂದೇ ಮನೆಯವರಂತಿದ್ದವರು ನೆರೆಮನೆಯವರಾದರು.

ಆ ನೆರೆಮನೆಯನ್ನು ಕಾಣುವ ಆಸೆ ನನಗೆ ಬಾಲ್ಯದಿಂದಲೂ ಇತ್ತು. ಅದು ಕೈಗೂಡಿದ್ದು ನಿವೃತ್ತನಾದ ಮೇಲೆ. ಲಕ್ಷದ್ವೀಪಕ್ಕೆ ಹೋಗುವವರು ಮುಂಚಿತವಾಗಿ ಸರಕಾರದ ಅನುಮತಿ ಪಡೆಯಬೇಕು. ಅದನ್ನು ಪಡೆದು, ಕೊಚ್ಚಿಯಿಂದ ಹಡಗು ಹತ್ತಿ ಕಡಮತ್ ದ್ವೀಪಕ್ಕೆ ಹೋದೆ. ಮಂಗಳೂರಿನಿಂದ ನೈರುತ್ಯಕ್ಕೆ ನೇರವಾಗಿ ಅಳೆದರೆ ಈ ದ್ವೀಪ ಮುನ್ನೂರು ಕಿಲೋಮೀಟರಿಗೆ ಹತ್ತಿರದ ದೂರದಲ್ಲಿದೆ. ಉದ್ದ ಎಂಟೊಂಬತ್ತು ಕಿಲೋಮೀಟರು; ಅಗಲವೋ ಸುಮಾರು ಅರ್ಧ ಕಿಲೋಮೀಟರು ಮಾತ್ರ. ಬೆಟ್ಟವಿಲ್ಲ, ಹೊಳೆಯಿಲ್ಲ. ತೆಂಗಿನ ಮರಗಳ ಒಂದು ಹಸಿರು ಗೆರೆಯನ್ನು ಯಾರೋ ನೀರಿನ ಮೇಲೆ ಎಳೆದಂತೆ ತೋರುತ್ತದೆ. ನೆಲ ಹೆಚ್ಚಿನೆಡೆಗಳಲ್ಲಿ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರಷ್ಟೇ ಎತ್ತರ. ಪಶ್ಚಿಮಕ್ಕೆ ಆಳವಿಲ್ಲದ, ತಿಳಿಹಸಿರು ಬಣ್ಣದ ನಿಶ್ಚಲ ಜಲರಾಶಿ. ಅದರಾಚೆ ಬೆಳ್ಳನೆಯ ನೊರೆಯ ಸಾಲು. ಅದಕ್ಕೂ ಆಚೆ ಕಡುನೀಲಿಯ ಕಡಲು. ನೊರೆಯೇಳುವ ಕಡೆ ನೀರಿನ ಕೆಳಗೆ ಹವಳದ ಗೋಡೆಯಿದೆ. ಗೋಡೆಯೊಳಗಿನ ಶಾಂತ ಜಲಕ್ಕೆ ಲಗೂನ್ ಎಂದು ಹೆಸರು.

ಹವಳವೆಂದೊಡನೆ ನಮಗೆ ಕರಿಮಣಿಯ ಸರದಲ್ಲಿ ಪೋಣಿಸುವ ಕೆಂಪು ಮಣಿಯ ನೆನಪಾಗುವುದು. ಆ ಆಭರಣದ ಹವಳ ಮೆಡಿಟರೇನಿಯನ್ ಮೊದಲಾದ ಕಡಲುಗಳಲ್ಲಿ ಸಿಗುವ ಬೇರೆಯೇ ಜಾತಿಯದು. ದ್ವೀಪಗಳನ್ನು ಕಟ್ಟುವ ಹವಳ ಮತ್ತೊಂದು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಒಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬಾಳುತ್ತವೆ. ಕಡಲನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ತಮ್ಮ ಸುತ್ತ ಗಟ್ಟಿಯಾದ ಗೂಡನ್ನು ಕಟ್ಟಿಕೊಳ್ಳುತ್ತವೆ. ಅವು ಸತ್ತರೂ ಗೂಡು ಉಳಿಯುತ್ತದೆ. ಅದರ ಮೇಲೆ ಮುಂದಿನ ತಲೆಮಾರು ಮನೆ ಹೂಡುತ್ತದೆ. ದುಂಡುಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಜಾತಿಗಳು ಇದಕ್ಕಿಂತ ಬಹು ಬೇಗ ಬೆಳೆಯುತ್ತವೆ.

ಪಾಲಿಪ್‌ಗಳ ದೇಹದೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸವಾಗಿರುತ್ತವೆ. ಪಾಚಿಗೆ ಹವಳ ಆಶ್ರಯ ನೀಡುತ್ತದೆ; ಪಾಚಿ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುತ್ತದೆ. ಹವಳಕ್ಕೆ ಬಣ್ಣ ಬರುವುದೂ ಬಹುಮಟ್ಟಿಗೆ ಈ ಒಕ್ಕಲಿನಿಂದಲೇ. ಬೆಳಕು ಬೇಕಾದುದರಿಂದ ಹವಳದ ದಿಬ್ಬಗಳು ತಿಳಿನೀರಿನಲ್ಲಿ, ಹೆಚ್ಚು ಆಳವಿಲ್ಲದೆಡೆಗಳಲ್ಲಿ ಮಾತ್ರ ಬೆಳೆಯುತ್ತವೆ. ನೇತ್ರಾವತಿ, ಫಲ್ಗುಣಿ ನದಿಗಳು ಮಣ್ಣುನೀರನ್ನು ತಂದು ಸುರಿಯುವ ಮಂಗಳೂರಿನ ಕಡಲತಡಿಯಲ್ಲಿ ಅವು ಏಕಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಕರ್ನಾಟಕದಲ್ಲಿ ಹವಳವನ್ನು ನೋಡಬಯಸುವವರು ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಆದರೆ ನೇತ್ರಾಣಿ ಬಂಡೆಯ ದ್ವೀಪ. ಅದರ ಬುಡದಲ್ಲಿ ಹವಳವಿದೆ. ಕಡಮತ್ ಹಾಗಲ್ಲ, ಅದು ಹವಳವೇ ಕಟ್ಟಿದ ದ್ವೀಪ.

ಅಗಾಧವಾದ ಕಡಲ ನಡುವೆ ಇಂತಹ ದ್ವೀಪ ಹೇಗೆ ಹುಟ್ಟಿತು? ಈ ಪ್ರಶ್ನೆಗೆ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಉತ್ತರ ಕೊಟ್ಟನು. ಮೊದಲು ಕಡಲೊಳಗಿಂದ ಜ್ವಾಲಾಮುಖಿಯೊಂದು ಎದ್ದು ಬೆಟ್ಟವಾಗುತ್ತದೆ. ಅದರ ಅಂಚಿನ ಸುತ್ತ ಹವಳ ಬೆಳೆಯುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬೆಟ್ಟ ಮೆಲ್ಲಮೆಲ್ಲನೆ ಕುಸಿಯುತ್ತದೆ. ಹವಳವಾದರೋ ಬೆಳಕನ್ನರಸಿ ಮೇಲಕ್ಕೆ ಕಟ್ಟುತ್ತಲೇ ಹೋಗುತ್ತದೆ. ಕೊನೆಗೆ ಬೆಟ್ಟ ಮುಳುಗಿ, ಹವಳದ ಕಂಕಣ ಮಾತ್ರ ಉಳಿಯುತ್ತದೆ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಆಳವಾದ ರಂಧ್ರ ಕೊರೆದಾಗ, ಸಾವಿರ ಮೀಟರಿಗೂ ಮಿಕ್ಕಿದ ಹವಳದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಶಿಲೆ ದೊರಕಿತು. ಡಾರ್ವಿನ್ನನ ಊಹೆ ನಿಜವಾಯಿತು. ಲಕ್ಷದ್ವೀಪವೂ ಕಡಲಡಿಯಲ್ಲಿ ಮುಳುಗಿರುವ ಇಂತಹ ಪರ್ವತಶ್ರೇಣಿಯೊಂದರ ಮೇಲೆ ನಿಂತಿದೆ.

ಮರುದಿನ ಮುಂಜಾನೆ ನಾನು ಲಗೂನಿಗೆ ಇಳಿದೆನು. ಈ ವಯಸ್ಸಿನಲ್ಲಿ ಆಳಕ್ಕೆ ಧುಮುಕುವ ಸಾಹಸ ನನ್ನಿಂದಾಗದು. ಕಣ್ಣುಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ ತೊಟ್ಟು, ಬಾಯಲ್ಲಿ ಉಸಿರುಗೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲಿದೆನು. ಜೊತೆಗೆ ದ್ವೀಪದವನೇ ಆದ ಒಬ್ಬ ತರುಣನಿದ್ದನು. ನೀರಿನೊಳಗೆ ಕಣ್ಣು ತೆರೆದಾಗ ಕಂಡ ಲೋಕವನ್ನು ಏನೆಂದು ಬಣ್ಣಿಸಲಿ! ಮೇಲೆ ನಿರ್ಜನವೆನಿಸಿದ ಜಲರಾಶಿಯ ಅಡಿಯಲ್ಲಿ ಒಂದು ಪಟ್ಟಣವೇ ಎಚ್ಚತ್ತಿತ್ತು. ಅನಿಮೋನ್ ಎಂಬ ಹೂವಿನಂತಹ ಪ್ರಾಣಿಯ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಅವಿತು ಇಣುಕುತ್ತಿದ್ದವು. ಆ ಎಸಳುಗಳು ಇತರ ಮೀನುಗಳನ್ನು ಕುಟುಕುವುವು. ಈ ಮೀನಿಗೆ ಮಾತ್ರ ಅದೇ ಕೋಟೆ. ಇನ್ನೊಂದೆಡೆ ಗಿಳಿಮೀನುಗಳ ಹಿಂಡು ಕೊಕ್ಕಿನಂತಹ ಬಾಯಿಂದ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತಿತ್ತು. ಆ ಕರಕರ ಸದ್ದು ನನ್ನ ಕಿವಿಗೂ ಕೇಳಿಸಿತು. ಅವು ಪಾಚಿಯೊಡನೆ ಹವಳದ ಚೂರುಗಳನ್ನೂ ನುಂಗಿ, ಅರೆದು, ನುಣುಪಾದ ಮರಳಾಗಿ ವಿಸರ್ಜಿಸುತ್ತವೆ. ನಾವು ಮೆಚ್ಚಿ ನಡೆದಾಡುವ ಬೆಳ್ಳನೆಯ ಮರಳಿನಲ್ಲಿ ದೊಡ್ಡ ಪಾಲು ಈ ಮೀನುಗಳ ಕೊಡುಗೆ! ಸ್ವಲ್ಪ ದೂರದಲ್ಲಿ ಹಸಿರು ಕಡಲಾಮೆಯೊಂದು ಕಡಲಹುಲ್ಲನ್ನು ಮೇಯುತ್ತಿತ್ತು. ಅದು ನಿಧಾನವಾಗಿ ಮೇಲೆದ್ದು, ನೀರಿನಿಂದ ತಲೆ ಹೊರಚಾಚಿ ಒಂದು ಉಸಿರೆಳೆದು, ನನ್ನನ್ನು ಲೆಕ್ಕಕ್ಕೇ ಇಡದೆ ಮತ್ತೆ ಕೆಳಗಿಳಿಯಿತು.

ಈ ನೋಟದಲ್ಲಿ ಮೈಮರೆತ ನನಗೆ ಕಾಲುಗಳು ಸೋತುದು ತಿಳಿಯಲಿಲ್ಲ. ನಿಲ್ಲಲು ಆಸರೆ ಬೇಕೆನಿಸಿ, ಹತ್ತಿರದ ಬಂಡೆಯಂತಹ ದಿಬ್ಬದ ಮೇಲೆ ಕಾಲೂರಹೊರಟೆನು. ಕೂಡಲೇ ತರುಣನು ನನ್ನ ತೋಳು ಹಿಡಿದು ಮೇಲೆತ್ತಿ, “ಮಾಷೇ, ಅಲ್ಲಿ ಕಾಲಿಡಬೇಡಿ. ಅದಕ್ಕೆ ಜೀವವಿದೆ” ಎಂದು ಮಲಯಾಳದಲ್ಲಿ ಕೂಗಿ ಹೇಳಿದನು. ಮೇಷ್ಟ್ರನ್ನು ಆ ಭಾಷೆಯಲ್ಲಿ ಹಾಗೆ ಕರೆಯುವುದು ವಾಡಿಕೆ. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿದ ನಾನು ಅಂದು ಅವನ ವಿದ್ಯಾರ್ಥಿಯಾದೆ. ಮುಷ್ಟಿಯಷ್ಟು ಬೆಳೆಯಲು ಹತ್ತಾರು ವರ್ಷ ಹಿಡಿದ ಹವಳವನ್ನು ಮುರಿಯಲು ಒಂದು ಹೆಜ್ಜೆ ಸಾಕು.

ಇನ್ನೂ ಆಳವನ್ನು ನೋಡಬಯಸುವವರು ಸ್ಕೂಬಾ ಸಾಧನವನ್ನು ಬಳಸುತ್ತಾರೆ. ಬೆನ್ನಿಗೆ ಕಟ್ಟಿದ ಉರುಳೆಯಲ್ಲಿ ಅದುಮಿ ತುಂಬಿದ ಗಾಳಿಯಿರುತ್ತದೆ. ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿಯನ್ನು ಬಿಡುವ ಉಪಕರಣವನ್ನು 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬವರು ರೂಪಿಸಿದರು. ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಇಳಿದವನು ಉಸಿರು ಬಿಗಿಹಿಡಿದು ಮೇಲೆ ಬಂದರೆ, ಒತ್ತಡ ಕಡಿಮೆಯಾಗಿ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಾಪಾಯವಾಗುತ್ತದೆ. ಅವಸರದಿಂದ ಮೇಲೇರಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗುತ್ತದೆ. ಸೋಡಾ ಸೀಸೆಯ ಮುಚ್ಚಳ ತೆಗೆದಾಗ ಗುಳ್ಳೆಯೇಳುವುದನ್ನು ನೆನೆದರೆ ಇದು ತಿಳಿಯುವುದು. ಆದುದರಿಂದ ತರಬೇತಿಯಿಲ್ಲದೆ, ಜೊತೆಗಾರನಿಲ್ಲದೆ ಯಾರೂ ಇಳಿಯಕೂಡದು. ನಿಧಾನ, ಎಚ್ಚರ, ನಿಯಮಪಾಲನೆ ಇವು ಮುಳುಗುವವನ ಜೀವವನ್ನೂ ಕಾಯುತ್ತವೆ. ಹವಳದ ಜೀವವನ್ನೂ ಕಾಯುತ್ತವೆ. ಏನನ್ನೂ ಮುಟ್ಟದೆ, ಏನನ್ನೂ ಎತ್ತಿಕೊಳ್ಳದೆ, ಯಾವ ಪ್ರಾಣಿಯನ್ನೂ ಬೆನ್ನಟ್ಟದೆ ನೋಡಿ ಬರುವುದೇ ಅಲ್ಲಿಯ ಶಿಷ್ಟಾಚಾರ. ಹವಳಕ್ಕೂ ಕಡಲಾಮೆಗೂ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು.

ಆದರೆ ಕಾಲಿಡದೆ ಇದ್ದ ಮಾತ್ರಕ್ಕೆ ಹವಳ ಉಳಿಯುವಂತಿಲ್ಲ. ಅದೇ ಲಗೂನಿನ ಇನ್ನೊಂದು ಭಾಗದಲ್ಲಿ ತರುಣನು ನನಗೆ ಬೂದುಬಣ್ಣದ ಹವಳದ ಮುರುಕುಗಳ ಹಾಸನ್ನು ತೋರಿಸಿದನು. ಅಲ್ಲಿ ಬಣ್ಣವಿರಲಿಲ್ಲ, ಮೀನುಗಳೂ ವಿರಳ. ಕಡಲನೀರು ಬೇಸಗೆಯ ಸಾಮಾನ್ಯ ಮಟ್ಟಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಆಗ ಅದು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಬೇಗನೆ ನೀರು ತಂಪಾದರೆ ಪಾಚಿ ಮರಳಿ ಹವಳ ಬದುಕೀತು. ಇಲ್ಲವಾದರೆ ಹಸಿವಿನಿಂದ ಸಾಯುವುದು. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹವಳಗಳು ವ್ಯಾಪಕವಾಗಿ ಹೀಗೆ ಬಿಳಿಚಿದವು. ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದ ಹವಳಕ್ಕೆ ಬಿಡುವೇ ದೊರೆಯುತ್ತಿಲ್ಲ.

ಹವಳ ಸತ್ತರೆ ನಷ್ಟ ಮೀನಿಗೆ ಮಾತ್ರವಲ್ಲ. ಅಲೆಗಳ ಬಲವನ್ನು ಮುರಿಯುವುದು ಆ ಗೋಡೆ. ದಡಕ್ಕೆ ಮರಳನ್ನು ಒದಗಿಸುವುದೂ ಅದೇ. ದ್ವೀಪದ ಬಾವಿಗಳಲ್ಲಿ ಸಿಗುವ ಸಿಹಿನೀರು, ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೇಲಿ ನಿಂತ ಮಳೆನೀರಿನ ತೆಳುವಾದ ಪದರ. ಕಡಲು ಒಳನುಗ್ಗಿದರೆ ಅದೂ ಕೆಡುವುದು. ಬಂಗಾರಂ ಬಳಿಯ ಪರಳಿ ಎಂಬ, ಜನವಸತಿಯಿಲ್ಲದ ಪುಟ್ಟ ದ್ವೀಪಗಳಲ್ಲಿ ಒಂದು ಪೂರ್ತಿಯಾಗಿ ಸವೆದುಹೋಗಿದೆಯೆಂದು 2017ರಲ್ಲಿ ಸಂಶೋಧಕರು ತಿಳಿಸಿದರು. 2011ರ ಜನಗಣತಿಯಂತೆ ಲಕ್ಷದ್ವೀಪದ ಹತ್ತು ದ್ವೀಪಗಳಲ್ಲಿ ಅರುವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. ಅವರೆಲ್ಲರ ಕಾಲ ಕೆಳಗಿನ ನೆಲ ಪಾಲಿಪ್‌ಗಳ ದುಡಿಮೆಯ ಫಲ.

ಕಡಲನ್ನು ಬಿಸಿಮಾಡಿದವರು ಆ ದ್ವೀಪದವರೇ? ಅಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ. ಅಲ್ಲಿಯ ಮೀನುಗಾರರು ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಒಂದೊಂದಾಗಿಯೇ ಹಿಡಿಯುತ್ತಾರೆ. ಜಗತ್ತಿನ ನಗರಗಳಲ್ಲಿ ನಾವೆಲ್ಲ ಸುಡುವ ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿಯಲ್ಲಿ ಉಳಿಯುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಪಾಲನ್ನು ಕಡಲು ಹೀರಿಕೊಳ್ಳುತ್ತದೆ. ತಪ್ಪು ಮಾಡುವವರು ಒಬ್ಬರು, ಬೆಲೆ ತೆರುವವರು ಇನ್ನೊಬ್ಬರು.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಮತ್ತೆ ಬಂದರಿನ ಕಡೆಗೆ ನಡೆದೆನು. ಎಂದಿನಂತೆ ಮಂಜಿಗೆ ಮೂಟೆಗಳನ್ನು ಹೇರುತ್ತಿದ್ದರು. ಹಿಂದೆ ಈ ದಕ್ಕೆಯಿಂದ ಅಕ್ಕಿ ಹೋಗುತ್ತಿತ್ತು; ಇಂದು ಸಿಮೆಂಟು, ತರಕಾರಿಗಳು ಹೋಗುತ್ತಿವೆ. ಇವುಗಳ ಜೊತೆಗೆ ನಮಗೆ ಅರಿವಿಲ್ಲದಂತೆಯೇ ಬಿಸಿಯನ್ನೂ ಆ ನೆರೆಮನೆಗೆ ಕಳುಹಿಸುತ್ತಿದ್ದೇವಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ದ್ವೀಪಕ್ಕೆ ಹೋದಾಗ ಹವಳದ ಮೇಲೆ ಕಾಲಿಡದಿರುವುದು ಸುಲಭ. ಹೋಗದೆ, ಇಲ್ಲಿಯೇ ಕುಳಿತು ಕಾಲಿಡದಿರುವುದು ಕಷ್ಟ. ಉರಿಸುವ ದೀಪ, ಓಡಿಸುವ ವಾಹನ, ಹೊಳೆಗೆ ಎಸೆಯುವ ಕಸ ಇವುಗಳೆಲ್ಲದರಲ್ಲಿಯೂ ಆ ತರುಣನ ಮಾತು ನಮಗೆ ನೆನಪಾಗಬೇಕು: “ಅಲ್ಲಿ ಕಾಲಿಡಬೇಡಿ. ಅದಕ್ಕೆ ಜೀವವಿದೆ.”